ನೂರು ವರ್ಷದ ಫೋಟೊ

ಸ್ಟುಡಿಯೊದವನು ಮಾತಿನ ಭರದಲ್ಲಿ "ನೂರು ವರ್ಷ" ಅಂದದ್ದೇ ಎಲ್ಲಕ್ಕೂ ಮೂಲವಾಯಿತು.

ಬೀದಿಗೆಲ್ಲ ಹಿರಿಯಳಾದ ಅಜ್ಜಿಗೆ ಅಂದು ತೊಂಬತ್ತು ತುಂಬುತ್ತಿತ್ತು. ಇಬ್ಬರು ಹುಡುಗಿಯರು ಅಕ್ಕಪಕ್ಕ ನಿಂತಿದ್ದ, ಬೆಂಕಿಪೊಟ್ಟಣದಷ್ಟೇ ಇದ್ದ ಹಳೆಯ ಚಿತ್ರವೊಂದನ್ನು ಅಜ್ಜಿಯ ಸೊಸೆ ತಂದುಕೊಟ್ಟು, ಎಡಗಡೆಯವರೇ ನಮ್ಮತ್ತೆ, ಅವರನ್ನಷ್ಟೇ ದೊಡ್ಡದು ಮಾಡಿ ಎಂದಿದ್ದಳು. ಅವನು ವಾರವಿಡೀ ಕೂತು, ಗೀರು ಅಳಿಸಿ, ಹೊಸ ಇಂಕ್‌ಜೆಟ್ ಪ್ರಿಂಟರಿನಲ್ಲಿ ಕಪ್ಪು ಬಿಳುಪಿನಲ್ಲೇ ಅಚ್ಚು ಹಾಕಿದ್ದ. ಅದು ಆ ಯಂತ್ರದ ಮೊದಲ ದೊಡ್ಡ ಕೆಲಸ.

ಬೆಳಿಗ್ಗೆ ಸೊಸೆ ಒಯ್ಯಲು ಬಂದಾಗ ಪಕ್ಕದಂಗಡಿಯ ದರ್ಜಿ ಮೂಗು ತೂರಿಸಿದ.

"ಇಂಕು ತಾನೆ? ನೀರು ತಾಗಿದ್ರೆ ಹರಿಯುತ್ತೆ. ಎರಡು ವರ್ಷಕ್ಕೆ ಅಜ್ಜಿ ಮುಖ ಒರೆಸಿದ ಸ್ಲೇಟು."

"ನೂರು ವರ್ಷ ಏನೂ ಆಗಲ್ಲ" ಎಂದುಬಿಟ್ಟ ಇವನು.

ಸೊಸೆಯ ಚಾಚಿದ ಕೈ ಹಿಂದೆ ಹೋಯಿತು. ಇದು ಮಾಮೂಲಿ ಶಾಯಿಯಲ್ಲ, ನೀರಿಗೆ ಕರಗದ, ಕಾಡಿಗೆಯಂಥ ಸಣ್ಣ ಸಣ್ಣ ಕಣ, ಕಾಗದವೂ ಹತ್ತಿಯದ್ದು ಎಂದು ಅವನು ಗಂಟಲು ಹರಿದುಕೊಂಡರೂ ಕೇಳುವವರಿಲ್ಲ. ಪರೀಕ್ಷೆಗೆ ಬೇರೆ ತುಂಡು ಕೊಡುತ್ತೇನೆಂದರೆ, ಅದರ ಶಾಯಿ ಬೇರೆ ಇದ್ದರೆ ಎಂದು ದರ್ಜಿ ತಕರಾರು ತೆಗೆದ. ಅಷ್ಟರಲ್ಲಿ ಕ್ಷೌರದಂಗಡಿಯವನು ಬಕೆಟ್ಟಿನಲ್ಲಿ ನೀರು ತಂದೇಬಿಟ್ಟ.

ಫೋಟೊ ಮುಳುಗಿತು. ಸ್ಟುಡಿಯೊದವನ ಜೀವವೂ ಜೊತೆಗೇ ಮುಳುಗಿತು. ನೂರು ವರ್ಷದ ಮಾತನ್ನು ಅವನೂ ಪ್ರಿಂಟರಿನ ಜೊತೆ ಬಂದ ಪುಸ್ತಿಕೆಯಲ್ಲಿ ಓದಿದ್ದನೇ ಹೊರತು ಕಂಡವನಲ್ಲ. ಹತ್ತು ನಿಮಿಷ ಕಳೆದು ಮೇಲೆತ್ತಿದಾಗ ಬಕೆಟ್ಟಿನ ನೀರು ಕನ್ನಡಿಯಂತೆ ತಿಳಿಯಾಗಿತ್ತು. ಹುಡುಗಿಯ ರೆಪ್ಪೆಯ ಒಂದು ಕೂದಲೂ ಕದಲಿರಲಿಲ್ಲ.

ದರ್ಜಿ ಬಟ್ಟೆ ಹಾಸಿ ಇಸ್ತ್ರಿ ಉಜ್ಜಿದ. ಮುಖ ಹಾಗೇ ಇತ್ತು. ನಿವೃತ್ತ ಮೇಷ್ಟ್ರು ಅರ್ಧ ಭಾಗಕ್ಕೆ ರಟ್ಟು ಮುಚ್ಚಿಸಿ ಮಧ್ಯಾಹ್ನವೆಲ್ಲ ತಾರಸಿಯ ಬಿಸಿಲಿಗಿಡಿಸಿದರು. ಸ್ಟುಡಿಯೊದವನು ಊಟ ಬಿಟ್ಟು, ಹದ್ದಿನಿಂದ ಮರಿ ಕಾಯುವ ಕೋಳಿಯ ಹಾಗೆ ಪಕ್ಕದಲ್ಲೇ ಕೂತ. ಸಂಜೆ ರಟ್ಟು ತೆಗೆದರೆ ಮುಚ್ಚಿದ್ದು ಯಾವುದು, ಬಿಟ್ಟದ್ದು ಯಾವುದು ಎಂದು ಮೇಷ್ಟ್ರಿಗೇ ಗೊತ್ತಾಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ನಾವ್ಯಾರೂ ಇರುವುದಿಲ್ಲ, ಈ ಹುಡುಗಿ ಮಾತ್ರ ಹೀಗೇ ನೋಡುತ್ತಿರುತ್ತಾಳೆ ಎಂದು ಮೆಲ್ಲಗೆ ಹೇಳಿದರು. ದರ್ಜಿಯ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಅದೇ ಕಣ್ಣು, ಅದೇ ಮೂಗು, ಥೇಟ್ ನಮ್ಮಜ್ಜಿ ಎಂದು ಕ್ಷೌರಿಕ ಪ್ರಮಾಣ ಮಾಡಿದ.

ಚೌಕಟ್ಟು ಹಾಕಿಸಿ ಇಡೀ ಬೀದಿಯೇ ಅಜ್ಜಿಯ ಮನೆಗೆ ನಡೆಯಿತು. ಸ್ಟುಡಿಯೊದವನ ಕಾಲು ನೆಲದ ಮೇಲಿರಲಿಲ್ಲ.

ಅಜ್ಜಿ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಇದು ನಾನಲ್ಲ. ನನ್ನ ತಂಗಿ."

ಸೊಸೆ ಗೋಡೆ ನೋಡಿದಳು. ಆ ತಂಗಿಯ ಜೊತೆ ಅಜ್ಜಿ ನಲವತ್ತು ವರ್ಷ ಮಾತು ಬಿಟ್ಟಿದ್ದಳು, ಮಾತು ಬಿಟ್ಟಿರುವಾಗಲೇ ತಂಗಿ ತೀರಿಕೊಂಡಿದ್ದಳು. ಮನೆಯಲ್ಲಿ ಅವಳ ಹೆಸರೆತ್ತುವ ಹಾಗಿರಲಿಲ್ಲ. ಸ್ಟುಡಿಯೊದವನು ಬೆವರಿ, ತಪ್ಪಾಯಿತು, ಇದನ್ನು ಒಯ್ದು ನಾಳೆಯೇ ಬೇರೆ ತರುತ್ತೇನೆ ಎಂದು ಕೈ ಚಾಚಿದ.

ಅಜ್ಜಿ ಬಿಡಲಿಲ್ಲ. ಗಾಜಿನ ಮೇಲೆ ಬೆರಳಾಡಿಸಿದಳು. "ಎಷ್ಟು ಚೆಂದ ಇದ್ಲು. ಮರೆತೇ ಹೋಗಿತ್ತು ನಂಗೆ." ಆಮೇಲೆ ತಲೆಯೆತ್ತಿ ಕೇಳಿದಳು. "ಇದು ಎಷ್ಟು ವರ್ಷ ಇರುತ್ತಪ್ಪ?"

"ನೂರು ವರ್ಷ, ಅಜ್ಜಿ."

ಬಾಗಿಲಲ್ಲಿ ನಿಂತವರೆಲ್ಲ ಹೌದು ಹೌದು ಎಂದು ಸಾಕ್ಷಿ ಹೇಳಿದರು.

"ಇರಲಿ, ಇದು ಇಲ್ಲೇ ಇರಲಿ. ನಾಳೆ ನಂದೂ ಒಂದು ಮಾಡ್ಕೊಂಡು ಬಾ. ಆದ್ರೆ ಅದು ನೂರಾ ಒಂದು ವರ್ಷ ಬರಬೇಕು. ಅವಳಿಗಿಂತ ನಾನು ದೊಡ್ಡವಳು."