ನಾಯಿಮರಿಗೆ ಉಣ್ಣೆಯ ಪಾಠ

ನನಗೆ ಗೊತ್ತಿರುವ ವಿದ್ಯೆ ಒಂದೇ, ಗದರಿಸುವುದು. ಮಕ್ಕಳನ್ನು ಅದರಲ್ಲೇ ಬೆಳೆಸಿದೆ, ಕುರಿಗಳನ್ನು ಅದರಲ್ಲೇ ಮೇಯಿಸಿದೆ, ಸತ್ತ ಗಂಡನೂ ಅದಕ್ಕೇ ಹೊಂದಿಕೊಂಡಿದ್ದ. ಹೊಂದಿಕೊಳ್ಳದೆ ಉಳಿದವನು ಕೆಂಚ ಒಬ್ಬನೇ. ಕೆಂಚನೆಂದರೆ ಕುರಿ ಕಾಯಲೆಂದು ದೊಡ್ಡೇರಿಯಿಂದ ನಾನೇ ಆರಿಸಿ ತಂದ ನಾಯಿಮರಿ. ಕಾಯಬೇಕಾದವನು ಕುರಿಮರಿಗಳನ್ನು ಅಟ್ಟಿಸಿಕೊಂಡು ಹೋಗಿ ಬಾಲ ಕಚ್ಚುತ್ತಿದ್ದ. ಗದರಿಸಿದರೆ ಅದೂ ಆಟವೆಂದು ಇನ್ನೊಂದು ಸುತ್ತು ಓಡುತ್ತಿದ್ದ.

"ಅವ್ವ, ಇನ್ನೊಂದ್ಸಲ ಮರಿಗೆ ಬಾಯಿ ಹಾಕಿದ್ರೆ ಬರಗೂರಿನ ಮಾವನ ಮನೆಗೆ ಕೊಟ್ಬುಡ್ತೀನಿ. ಅಲ್ಲಿ ಕುರಿ ಇಲ್ಲ" ಎಂದ ಮಗ ಚಿಕ್ಕಣ್ಣ. ನಾನು ಆರಿಸಿದ ನಾಯಿ ಮನೆ ಬಿಟ್ಟು ಹೋಗುವುದೆಂದರೆ ನನ್ನ ಮೂಗು ಕೊಯ್ದ ಹಾಗೆ. ಆ ಬರಗೂರಿನವನಾದರೋ ಮನೆಯವರಿಗೇ ಹೊಟ್ಟೆ ತುಂಬ ಇಕ್ಕುವವನಲ್ಲ.

ಸೊಸೆ ಲಕ್ಷ್ಮಿ ಮೊಬೈಲ್ ನೋಡಿಕೊಂಡು ಬಂದಳು. "ಓಡೋದ್ನ ಅಟ್ಟಿಸ್ಕೊಂಡು ಹೋಗೋದು ಅದರ ಹುಟ್ಟುಗುಣ ಕಣತ್ತೆ, ಬೈದ್ರೆ ಹೋಗಲ್ಲ. ಕೋಲಿಗೆ ದಾರ ಕಟ್ಟಿ, ತುದಿಗೆ ಮೆತ್ತಗಿರೋದೇನಾದ್ರೂ ಕಟ್ಟಿ ಓಡಿಸ್ಬೇಕಂತೆ. ಕಚ್ಚಿದ್ಮೇಲೆ ಬುಡು ಅನ್ನಬೇಕಂತೆ. ಬುಟ್ರೆ ಒಂದು ತುತ್ತು ಕೊಟ್ಟು ಮತ್ತೆ ಆಡಿಸ್ಬೇಕಂತೆ."

"ನಾಯಿಗೂ ಇಸ್ಕೂಲಾ?" ಎಂದೆ. ಆದರೂ ಅವಳು ನೀರಿಗೆ ಹೋದ ಮೇಲೆ ಕೋಲು ಹಿಡಿದೆ. ಕುರಿ ಸಾಕುವ ಮನೆಯಲ್ಲಿ ಮೆತ್ತಗಿರುವುದು ಇನ್ನೇನು ಸಿಗುತ್ತದೆ? ಕತ್ತರಿಸಿಟ್ಟ ಉಣ್ಣೆ ಮೂಲೆಯಲ್ಲಿತ್ತು, ಒಂದು ಹಿಡಿ ಕಟ್ಟಿದೆ. ಬುಡು ಎನ್ನುವ ಭಾಗ ಆಮೇಲೆ ನೋಡೋಣವೆಂದು ಬರೀ ಓಡಿಸಿದೆ. ನಾಲ್ಕು ದಿನದಲ್ಲಿ ಕೆಂಚ ಉಣ್ಣೆ ಕಂಡರೆ ಹುಲಿಯಾದ. ನನಗೋ ಹೆಮ್ಮೆ.

ಸೊಸೆ ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ ಅತ್ತೆ, ಕುರಿ ಹಿಡಿಯೋಕೇ ಕಲಿಸ್ಬುಟ್ಯಲ್ಲ!"

ಉಣ್ಣೆ ಬಿಚ್ಚಿ, ನನ್ನ ಹಳೇ ಸೀರೆಯ ಚೂರು ಕಟ್ಟಿದೆವು. ಅವನು ಕಚ್ಚಿದ ಕೂಡಲೇ ನಾನು ಕಲ್ಲಿನ ಹಾಗೆ ನಿಂತು ಬುಡು ಎನ್ನುವುದು. ಓಡದ ಬಟ್ಟೆಯಲ್ಲಿ ಅವನಿಗೇನು ರುಚಿ? ಬಿಡುತ್ತಿದ್ದ. ಬಿಟ್ಟರೆ ಮುದ್ದೆಯ ಚೂರು, ಮತ್ತೆ ಓಟ.

ಮೊನ್ನೆ ಚಿಕ್ಕಣ್ಣ ಕುರಿರೊಪ್ಪದ ಬಾಗಿಲು ತೆಗೆದದ್ದೇ ಒಂದು ಮರಿ ಚಂಗನೆ ಹಾರಿ ಓಡಿತು. ಕೆಂಚ ಬೆನ್ನು ಹತ್ತಿದ. ಬಾಲಕ್ಕೆ ಇನ್ನೇನು ಬಾಯಿ ಹಾಕಬೇಕು, "ಬುಡ್ಲಾ!" ಎಂದೆ. ನಿಂತ. ತಿರುಗಿ ಬಂದು ನನ್ನ ಮುಂದೆ ಕೂತ, ಮುದ್ದೆಗೆ. ಮಗ ಅವನನ್ನೂ ನೋಡಿದ, ನನ್ನನ್ನೂ ನೋಡಿದ. "ಇರ್ಲಿ ಬುಡವ್ವ" ಎಂದ.

ಈಗ ಕುರಿಗಳಿಗೆ ನೆಮ್ಮದಿ. ನನಗಿಲ್ಲ. ಸೀರೆಯ ರುಚಿ ಹತ್ತಿದ ಕೆಂಚ ನಾನು ಎದ್ದರೆ ಸಾಕು, ಸೆರಗಿಗೆ ಜೋತುಬೀಳುತ್ತಾನೆ. "ಸೆರಗ್ನ ಸೊಂಟಕ್ಕೆ ಸಿಕ್ಕಿಸ್ಕೊ ಅತ್ತೆ" ಎನ್ನುತ್ತಾಳೆ ಸೊಸೆ. ಸಿಕ್ಕಿಸಿಕೊಳ್ಳುತ್ತೇನೆ. ಅವನು ಎದುರಿಗೆ ಕೂತು ಸುಮ್ಮನೆ ನನ್ನ ಮುಖ ನೋಡುತ್ತಾನೆ. ಚೆನ್ನಾಗಿ ಗದರಿಸುತ್ತೇನೆ. ಗದರಿಸುತ್ತಲೇ ಸೆರಗಿನ ತುದಿ ಒಂದು ಗೇಣು ಹೊರಗೆಳೆದು, ಅಂಗಳದಲ್ಲಿ ಸ್ವಲ್ಪ ಜೋರಾಗಿ ನಡೆಯುತ್ತೇನೆ.