ಮಾಳಿಗೆ ಏರಿದ ಕುಂಕುಮದ ನೀರು

ನಮ್ಮ ಮನೆಯ ಕಾಕಾನಿಗೆ ಹೆಂಡತಿಗಿಂತ ಮೋಟರ್‌ಸೈಕಲ್ಲಿನ ಉಸಿರಾಟದ್ದೇ ಹೆಚ್ಚು ಚಿಂತೆ ಎಂದರೆ ನಂಬುತ್ತೀರಾ? ಸೊಲ್ಲಾಪುರದ ನಮ್ಮ ಓಣಿ ಪೂರ್ತಿ ನಂಬಿತ್ತು!

ಕಾಕಾ ಎಂದರೆ ನನ್ನ ಮಾವನವರ ತಮ್ಮ. ಎಪ್ಪತ್ತರ ದಶಕದಲ್ಲಿ ನಾನು ಸೊಸೆಯಾಗಿ ಹೋದಾಗ ಅವರದು ಚಾದರದ ಅಂಗಡಿ. ಮಾವ ವ್ಯಾಪಾರ ನೋಡಿದರೆ ಕಾಕಾ ಅಂಗಳದಲ್ಲಿ ಹಳೆಯ ಮೋಟರ್‌ಸೈಕಲ್ ಬಿಚ್ಚುತ್ತಾ ಕೂರುವರು. ಅಳತೆಯ ಹುಚ್ಚು ಎಂದರೆ ಹುಚ್ಚು! ಬೀಗರ ಮನೆಗೆ ಹೋದರೂ ಮೊದಲು ಅವರ ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡಿ ಆಮೇಲೆ ನೀರು ಕುಡಿಯುವರು. ಹೋಳಿಗೆ ದುಂಡಗಿಲ್ಲದಿದ್ದರೆ ತಟ್ಟೆ ತಿರುಗಿಸಿ ತಿರುಗಿಸಿ ನೋಡುವರು.

ಅವರ ಹೆಂಡತಿ, ನಮ್ಮ ಕಾಕೂಗೆ ದಮ್ಮಿನ ಕಾಯಿಲೆ. ಗುರುವಾರಕ್ಕೊಮ್ಮೆ ಅಕ್ಕಲಕೋಟದ ಮಠದಲ್ಲಿ ಒಂದು ಗಳಿಗೆ ಕೂತು ಬರಬೇಕು, ಅದೊಂದೇ ಅವರ ಆಸೆ. ಬಸ್ಸಿನ ನೂಕುನುಗ್ಗಲು, ಬೀಡಿ ವಾಸನೆ ಅವರಿಗೆ ಆಗದು. ಮೋಟರ್‌ಸೈಕಲ್ಲಿನ ಕರಿಹೊಗೆ ಅದಕ್ಕಿಂತ ಆಗದು. ಊರ ಅಗಸಿ ಬಾಗಿಲು ದಾಟುವುದರೊಳಗೆ ಕೆಮ್ಮು ಹತ್ತಿ ಇಬ್ಬರೂ ಮರಳುತ್ತಿದ್ದರು.

ಆಗ ಕಾಕಾ ಯಾವುದೋ ಹಳೆಯ ಪತ್ರಿಕೆಯಲ್ಲಿ ಓದಿದರು. ಪರದೇಶದ ಕಾರುಗಳಲ್ಲಿ ಎಂಜಿನ್ ಗಾಳಿಯನ್ನು ಎಷ್ಟು ಜೋರಾಗಿ ಎಳೆಯುತ್ತದೆಂದು ಅಳೆದು, ಅದಕ್ಕೆ ತಕ್ಕಷ್ಟೇ ಪೆಟ್ರೋಲು ಚಿಮುಕಿಸುತ್ತಾರಂತೆ. ಪೆಟ್ರೋಲು ಹೆಚ್ಚಾಗದಿದ್ದರೆ ಹೊಗೆ ಎಲ್ಲಿಯದು?

"ದೊಡ್ಡ ಗಾಡಿಗಿ ಆಗ್ತದ, ನಮ್ಮ ಸಣ್ಣ ಎಂಜಿನ್ನಿಗಿ ಯಾಕ ಆಗಂಗಿಲ್ಲ? ಚಿಮಕಸೂದು ಇರಲಿ, ಮೊದಲ ಅಳಿಯೂಣು. ಅಳದು ಕಾರ್ಬುರೇಟರಿನ ತಿರುಪು ತಿರುವೂಣು" ಎಂದರು ಕಾಕಾ.

ಗೋಡೆ ಕಟ್ಟುವ ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪೈಪು ಬಂತು. ಎಂಜಿನ್ ಗಾಳಿ ಎಳೆಯುವ ಕೊಳವೆಗೆ ತೂತು ಕೊರೆದು ಅದರ ಒಂದು ತುದಿ ಸಿಕ್ಕಿಸಿದರು. ಪೈಪು ಗೋಡೆಗುಂಟ ಮಾಳಿಗೆಯವರೆಗೆ ಏರಿ, ಮತ್ತೆ ಇಳಿದು, ಇನ್ನೊಂದು ತುದಿ ನೀರಿನ ಬಕೀಟಿನಲ್ಲಿ ಮುಳುಗಿತು. ಎಂಜಿನ್ ಎಳೆದಷ್ಟೂ ನೀರು ಮೇಲೇರಬೇಕು. "ನೀರು ಕಾಣಬೇಕಲ್ರಿ" ಎಂದು ಕಾಕೂ ಒಂದು ಹಿಡಿ ಕುಂಕುಮ ಕಲಸಿದರು.

ಮಾಳಿಗೆಯ ಮೇಲೆ ನಿಂತು ನೀರಿನ ಮಟ್ಟ ಹೇಳುವವರು ಯಾರು? ನಾನು! ಆ ಮನೆಯಲ್ಲಿ ಸೊಸೆಯಂದಿರು ಹಿರಿಯರೆದುರು ದನಿ ಎತ್ತುವ ಪದ್ಧತಿಯೇ ಇರಲಿಲ್ಲ. ನಾನು ಸೆರಗು ಹೊದ್ದು ಪಿಸುಗುಟ್ಟಿದರೆ ಕೆಳಗೆ ಎಂಜಿನ್ ಡಬಡಬ.

"ಒದರು ಸೂನಬಾಯಿ! ಎಂಜಿನ್ ಏನ್ ನಿನ್ನ ಮಾವ ಅಲ್ಲ!" ಎಂದು ಕಾಕಾ ಸೊಸೆಗೇ ಅಪ್ಪಣೆ ಕೊಟ್ಟರು.

ಕಾಕಾ ಎಕ್ಸಿಲೇಟರ್ ತಿರುವಿದರು. "ಕಾಕಾ, ನೀರು ಇಳೀತ್ರೀ!" ಎಂದು ಕಿರುಚಿದೆ. ಅಡುಗೆಮನೆಯಲ್ಲಿ ಅತ್ತೆಯವರ ಕೈಯಿಂದ ಲಟ್ಟಣಿಗೆ ಬಿತ್ತು.

ಎಂಜಿನ್ ಜೋರು ಮಾಡಿದರೆ ನೀರು ಇಳಿಯುವುದೇ? ನಮಗೆಲ್ಲ ನಗು. ಕಾಕಾ ಮಾತ್ರ ಹಿಗ್ಗಿದರು. "ಹಸಿದ ಕೂಸು ಜೋರ ಎಳೀತದ, ಹೊಟ್ಟಿ ತುಂಬಿದರ ಸಡಲ ಬಿಡ್ತದ. ಎಕ್ಸಿಲೇಟರ್ ತಿರುವಿದರ ಗಾಳಿ ಬಾಯಿ ತೆರೀತದ, ಎಂಜಿನ್ನಿನ ಹೊಟ್ಟಿ ತುಂಬ್ತದ!"

ಅಷ್ಟರಲ್ಲಿ ಪಕ್ಕದ ಮನೆಯ ಆಜಿ ಇಣುಕಿದರು. ಕುಂಕುಮದ ನೀರು ತಾನಾಗಿ ಗೋಡೆ ಏರುತ್ತಿದೆ, ಅದೂ ಗುರುವಾರ! ತೆಂಗಿನಕಾಯಿ ತಂದು ಬಕೀಟಿನ ಮುಂದೆ ಒಡೆದೇ ಬಿಟ್ಟರು. ಸಪ್ಪಳಕ್ಕೆ ಬೆಚ್ಚಿದ ಕಾಕಾ ಎಕ್ಸಿಲೇಟರ್ ಥಟ್ಟನೆ ಬಿಟ್ಟರು. ಗಾಳಿಯ ಬಾಯಿ ಮುಚ್ಚಿದ್ದೇ ತಡ, ಎಂಜಿನ್ ಮಾಳಿಗೆ ದಾಟಿಸಿ ನೀರನ್ನೇ ಕುಡಿಯಿತು! ಕೆಮ್ಮಿ, ಒಣಹಾಕಿದ್ದ ಬಿಳಿ ಚಾದರಗಳ ಮೇಲೆಲ್ಲ ಗುಲಾಬಿ ಹನಿ ಉಗುಳಿತು.

ಮಾವ ತಲೆ ಹಿಡಿದು ಕೂತರು. ಸಂಜೆ ಮೈಂದರ್ಗಿಯಿಂದ ಬಂದ ಗಿರಾಕಿಯೊಬ್ಬರು ಅದೇ ಚಾದರ ಮುಟ್ಟಿ ನೋಡಿ, "ಈ ನಮೂನಿ ಇನ್ನೂ ಅದಾವೇನ್ರಿ?" ಎಂದರು!

ನಕ್ಕವರು ನಗಲಿ, ತಿರುಪು ತಿರುವಿ ತಿರುವಿ ಕಾಕಾ ಹೊಗೆಯನ್ನು ನಿಲ್ಲಿಸಿದ್ದಂತೂ ನಿಜ. ಗುರುವಾರ ಮಠದ ಮುಂದೆ ಇಳಿದ ಕಾಕೂ ಸೆರಗು ಮೂಸಿ ನೋಡಿ ನಗುತ್ತಿದ್ದರಂತೆ.

ಆದರೆ ಆ ವರ್ಷದ ಚಳಿಗೆ ಕಾಕೂ ಹಾಸಿಗೆ ಹಿಡಿದರು. "ಇನ್ನ ನನಗ ಅಕ್ಕಲಕೋಟ ಮುಗೀತು" ಎಂದು ಗೋಡೆಯ ಕಡೆ ಹೊರಳಿದರು. ಸ್ವಲ್ಪ ಚೇತರಿಸಿಕೊಂಡ ಮೇಲೆ ಡಾಕ್ಟರು, ದಿನಾ ಉಸಿರು ಎಳೆಯುವ ಅಭ್ಯಾಸ ಮಾಡಿಸಿರಿ ಎಂದರು. ಕಾಕಾ ಅದೇ ಪೈಪಿನ ತುಂಡು ಕತ್ತರಿಸಿ ತೊಳೆದು, ಮಂಚದ ಪಕ್ಕದ ಗೋಡೆಗೆ ಕಟ್ಟಿ, ಕೆಳಗಿನ ತುದಿಗೆ ಒಂದು ತಂಬಿಗೆ ನೀರಿಟ್ಟು, ಮೇಲಿನ ತುದಿ ಕಾಕೂ ಬಾಯಿಗೆ ಕೊಟ್ಟರು. ಗೋಡೆಯ ಮೇಲೆ ಕುಂಕುಮದ ಗೆರೆ ಎಳೆದರು.

"ಎಳಿ. ನೀರು ಈ ಗೆರಿ ಮುಟ್ಟಿದ ದಿನ ಅಕ್ಕಲಕೋಟಕ್ಕ ಹೊಂಟಿವಿ. ಒಂದು ಬೆರಳು ಕಮ್ಮಿ ಆದರೂ ಇಲ್ಲ!"

ಮಟ್ಟ ನೋಡುವವಳು ಮತ್ತೆ ನಾನೇ. ಕಾಕೂ ಕಣ್ಣು ಮುಚ್ಚಿ ಎಳೆಯುವರು, ನೀರು ಗೇಣಷ್ಟು ಏರಿ ಕುಸಿಯುವುದು. ಅವರ ಮುಖವೂ ಅದರೊಂದಿಗೆ ಕುಸಿಯುವುದು. ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕಾಕೂ ಬಚ್ಚಲಿಗೆ ಹೋಗಿದ್ದಾಗ ಚಹಾ ತಗೊಂಡು ಹೋದೆ. ಕಾಕಾ ಒದ್ದೆ ಧೋತರದ ಚುಂಗಿನಿಂದ ಆ ಗೆರೆ ಒರೆಸಿ, ಅದರ ಕೆಳಗೆ ಇನ್ನೊಂದು ಎಳೆಯುತ್ತಿದ್ದರು. ನನ್ನನ್ನು ಕಂಡು ಕೈ ನಿಂತಿತು.

"ಗೋಡಿ ಸ್ವಲ್ಪ ಕುಸದಂಗ ಕಾಣ್ತದ" ಎಂದರು.

"ಹೌದ್ರಿ ಕಾಕಾ, ನನಗೂ ಹಂಗ ಅನಸ್ತು" ಎಂದೆ.

ಅಂದಿನಿಂದ ಗೋಡೆ ದಿನವೂ ಕುಸಿಯಿತು, ನೀರು ದಿನವೂ ಏರಿತು. ಒಂದು ಬುಧವಾರ ಎರಡೂ ಸೇರಿದವು. ಕಾಕಾ ನನ್ನ ಮುಖ ನೋಡಿದರು. ಓಣಿಗೆಲ್ಲ ಕೇಳುವಂತೆ ಒದರಿದೆ: "ಮುಟ್ತ್ರೀ ಕಾಕಾ!"

ಮರುದಿನ ಶಾಲು ಹೊದಿಸುವಾಗ ಕಾಕೂ ನನ್ನ ಕಿವಿಯಲ್ಲಿ ಹೇಳಿದರು, "ಗೆರಿ ದಿನಾ ಇಳೀತಿತ್ತು, ನಾ ನೋಡೀನಿ. ಅವರಿಗಿ ಹೇಳಬ್ಯಾಡ ಮತ್ತ. ಪಾಪ, ಹುಟ್ಟಿದಾಗಿಂದ ಮೊದಲನೇ ಸಲ ಅಳತಿ ತಪ್ಯಾರ."

ಕಾಕೂ ಗಂಡನ ಹೆಗಲ ಮೇಲೆ ಕೈ ಇಟ್ಟು ಕೂತರು. ಮೋಟರ್‌ಸೈಕಲ್ ಮೆಲ್ಲಗೆ ಓಣಿ ದಾಟಿತು. ಬಾಗಿಲಲ್ಲಿ ನಿಂತ ನನ್ನ ಕಣ್ಣಲ್ಲಿ ನೀರು. ಅತ್ತೆಯವರು ಏನಾಯಿತೆಂದು ಕೇಳಿದರು. ತಪ್ಪನ್ನು ಹೊಗೆಯ ಮೇಲೆ ಹಾಕೋಣವೆಂದರೆ, ಹಿಂದೆ ಒಂದೆಳೆ ಹೊಗೆಯೂ ಇರಲಿಲ್ಲ.