ಮೊದಲ ಸಾಲು ದೇವರಿಗೆ

"ಅತ್ತಿಗೆ, ಇವತ್ತು ನಿಮ್ಮ ಕೈಗೆ ರಜಾ!" ಎಂದು ನನ್ನ ಮೈದುನ ಪ್ರಾಣೇಶ ಯಂತ್ರದ ಮೇಲೆ ಹೊದಿಸಿದ್ದ ಪಂಚೆಯನ್ನು ಸರ್ರನೆ ಎಳೆದ.

ಅವತ್ತು ನನ್ನ ಮಗಳು ಮೇಧಾಳ ನಿಶ್ಚಿತಾರ್ಥ. ಪ್ರಾಣೇಶನ ಹಿಂದಿನ ಯಂತ್ರ ದೋಸೆಯನ್ನು ತಾನೇ ಮಗುಚುತ್ತಿತ್ತು. ಅದು ಮಗುಚಿದ ಕೊನೆಯ ದೋಸೆ ಇನ್ನೂ ನಮ್ಮ ಅಡುಗೆಮನೆಯ ಚಾವಣಿಗೆ ಅಂಟಿಕೊಂಡಿದೆ. ಆದರೂ ಒಪ್ಪಿದ್ದೆ. ಬೇಡ ಎಂದರೆ ಅವನು ಊಟ ಬಿಡುತ್ತಾನೆ, ಆಮೇಲೆ ಅತ್ತೆ ನನ್ನ ಜತೆ ಮಾತು ಬಿಡುತ್ತಾರೆ!

ಬಾಗಿಲಲ್ಲೊಂದು ಫಲಕ, ಅಡುಗೆಮನೆಯಲ್ಲೊಂದು ಪೆಟ್ಟಿಗೆ, ಪೆಟ್ಟಿಗೆಗೆ ಉದ್ದುದ್ದ ಕೈಗಳು. ಅತಿಥಿ ಬಂದು ಹೆಸರು ಹೇಳಿದ ತಕ್ಷಣ ಫಲಕದ ಫಾರಂನಲ್ಲಿ ಹೊಸ ಸಾಲೊಂದು ತಾನೇ ಹುಟ್ಟುತ್ತದೆ. ಬಿ.ಪಿ. ಇದೆಯೇ, ಸಕ್ಕರೆ ಇದೆಯೇ, ಹೇಗೆ ಬಡಿಸಬೇಕು, ಎಲ್ಲ ಆ ಸಾಲಿನಲ್ಲಿ ದಾಖಲು. ಕೈಗಳು ಅದರಂತೆ ಬಡಿಸುತ್ತವೆ.

"ಮೊದಲ್ನೇ ಸಾಲು ನರಸಿಂಹದೇವರಿಗೆ ಕಣೋ," ಎಂದರು ಅತ್ತೆ, ಕೂತಲ್ಲೇ ಮಂಡಿ ನೀವಿಕೊಳ್ಳುತ್ತ. "ದೇವರ ಎಲೆ ಆಗದೆ ನಮ್ಮನೇಲಿ ಯಾರ ಎಲೆಗೂ ಬಡಿಸಲ್ಲ. ನೈವೇದ್ಯ ಮಧ್ಯೆ ನಿಲ್ಲಲೂಬಾರದು!"

ಪ್ರಾಣೇಶ ಭಕ್ತಿಯಿಂದ ಮೊದಲ ಸಾಲು ತುಂಬಿದ. ಹೆಸರು: ಲಕ್ಷ್ಮೀನರಸಿಂಹ. ಕ್ರಮ: ಬಡಿಸಿ, ಪರದೆ ಎಳೆದು, ಗಂಟೆ ಬಾರಿಸಿ, ಮಂಗಳಾರತಿ ಎತ್ತಿ, ಎಲೆ ಒಳಗೆ ಒಯ್ಯುವುದು. ಆಮೇಲೆ "ಫಾರಂ ಸಿದ್ಧ" ಎಂಬ ಗುಂಡಿ ಒತ್ತಿದ.

ನನಗೆ ಹೆದರಿಕೆ ಇದ್ದದ್ದು ಯಂತ್ರದ್ದಲ್ಲ, ಹುಡುಗನ ದೊಡ್ಡಪ್ಪ ಜಯತೀರ್ಥರಾಯರದು. ಊಟ ಮುಗಿದು ಅವರು ತೃಪ್ತರಾದರೆ ಮಾತ್ರ ತಾಂಬೂಲ ಬದಲಾಯಿಸುವುದು ಆ ಮನೆಯ ಪದ್ಧತಿಯಂತೆ. ಹಿಂದೊಂದು ಮನೆಯಲ್ಲಿ ಸಾರು ಆರಿತ್ತೆಂದು ತಾಂಬೂಲ ಮುಟ್ಟದೆ ಎದ್ದುಬಂದ ಮಹಾನುಭಾವರು! ಮೇಧಾ ಆ ಹುಡುಗನನ್ನು ಮೂರು ವರ್ಷದಿಂದ ಮೆಚ್ಚಿದ್ದಳು. ಬೆಳಗ್ಗಿನಿಂದ ಒಂದು ತೊಟ್ಟು ಕಾಫಿಯೂ ಅವಳ ಗಂಟಲಲ್ಲಿ ಇಳಿದಿರಲಿಲ್ಲ.

ನಲವತ್ತು ಜನ ಬಂದರು. ರಾಯರು ಫಲಕದೆದುರು ನಿಂತು, "ಬಿ.ಪಿ., ಸಕ್ಕರೆ, ಮಂಡಿನೋವು. ಕುರ್ಚಿ ಬೇಕು. ಹಲ್ಲು ನಾಲ್ಕೇ ಉಳಿದಿವೆ," ಎಂದರು.

"ಬರೆದುಕೊಂಡೆ," ಎಂದು ಫಲಕ ಜೇನಿನಂಥ ದನಿಯಲ್ಲಿ ಹೇಳಿತು.

ಪಂಕ್ತಿ ಕೂತಿತು. ಕುರ್ಚಿ ಬರಲಿಲ್ಲ, ರಾಯರು ಗೊಣಗುತ್ತ ನೆಲಕ್ಕಿಳಿದರು. ಕೋಸಂಬರಿ, ಪಲ್ಯ, ಚಿತ್ರಾನ್ನ, ಹೋಳಿಗೆ ಚಕಚಕನೆ ಬಿದ್ದವು. ಪ್ರಾಣೇಶ ಮೀಸೆ ತಿರುವಿದ. ರಾಯರು ಹೋಳಿಗೆ ಮುರಿದು ಬಾಯಿಯ ಹತ್ತಿರ ತಂದರು ನೋಡಿ, ಸುಂಯ್ ಎಂದು ಪ್ರತಿಯೊಬ್ಬರ ಮುಂದೂ ಪರದೆ ಇಳಿಯಿತು! ಢಣಢಣ ಗಂಟೆ! ಪರದೆ ಸರಿದಾಗ ಎದುರಿಗೆ ಆರತಿ ಸುತ್ತುತ್ತಿತ್ತು. ಎಲೆ ಮಾತ್ರ ಮಾಯ. ರಾಯರ ಕೈಯಲ್ಲಿದ್ದ ಚೂರನ್ನೂ ಯಂತ್ರ ಬಿಟ್ಟಿರಲಿಲ್ಲ!

"ಏನೋ ಇದು, ಪ್ರಾಣೇಶ?"

"ಅತ್ತಿಗೆ... ಸಾಲು ಹುಟ್ಟಿಸೋದು ಬಾಗಿಲ ಫಲಕ. ಆದ್ರೆ ಸಾಲಿನ ಅಚ್ಚು ಅಡುಗೆಮನೆ ಪೆಟ್ಟಿಗೇದು. ಅದು ಬೆಳಗ್ಗೆ ನಾನು ಗುಂಡಿ ಒತ್ತಿದಾಗ ಒಂದೇ ಸಲ ಅಚ್ಚು ಮಾಡಿ ಕಳಿಸಿ ಕೈ ತೊಳ್ಕೊಂಡಿದೆ. ಆಗ ಅದ್ರಲ್ಲಿ ದೇವರ ವಿವರ ತುಂಬಿತ್ತು. ಈಗ ಹುಟ್ಟಿದ ಸಾಲೆಲ್ಲ ದೇವರದ್ದೇ ನಕಲು!"

"ಮತ್ತೆ ಜನ ಹೇಳಿದ ಕಾಯಿಲೆಗಳು?"

"ಎಲ್ಲಾ ಸಾಲಿಗೂ ಒಂದೇ ಗುರುತು ಬಿದ್ದಿದೆ. ಆ ಗುರುತು ಹುಡುಕಿದ್ರೆ ಮೊದಲು ಸಿಗೋ ಸಾಲಿಗೇ ಅವರು ಹೇಳಿದ್ದೆಲ್ಲ ಹೋಗಿ..."

"ಅದೆಲ್ಲ ಆಮೇಲೆ. ಮೊದ್ಲು ಆಫ್ ಮಾಡೋ!"

"ಆಗಲ್ಲ! ನೈವೇದ್ಯ ಮಧ್ಯೆ ನಿಲ್ಲಬಾರದು ಅಂತ ಅಮ್ಮನೇ ಹೇಳಿದ್ಲಲ್ಲ, ಹಾಗೇ ತುಂಬಿದ್ದೀನಿ!"

ಮತ್ತೆ ಬಡಿಸಿತು, ಮತ್ತೆ ಪರದೆ, ಮತ್ತೆ ಗಂಟೆ. ಮೇಧಾ ಕಂಬದ ಮರೆಯಲ್ಲಿ ಅಳುತ್ತಿದ್ದಳು. ಅಷ್ಟರಲ್ಲಿ ರಾಯರ ಮುಂದೆ ದೊಡ್ಡ ಆರತಿ ಎದ್ದಿತು. ಆರತಿ ಕಂಡರೆ ನಮ್ಮವರ ಕೈ ಸುಮ್ಮನಿರುತ್ತದೆಯೇ? ಸುತ್ತ ನಿಂತಿದ್ದ ನಾವೆಲ್ಲ ಅಭ್ಯಾಸಬಲದಿಂದ ಅವರ ಕಡೆ ತಿರುಗಿ ಕೈಮುಗಿದೆವು. ನಮ್ಮ ಯಜಮಾನರಂತೂ ಕಣ್ಣು ಮುಚ್ಚಿ ಗಲ್ಲ ಬಡಿದುಕೊಂಡರು!

ರಾಯರ ಗಂಟುಮೋರೆ ನಿಧಾನವಾಗಿ ಸಡಿಲಿತು. ಮೂರನೆಯ ಆರತಿಗೆ ಅವರ ಬಲಗೈ ತಾನಾಗಿ ಅಭಯಹಸ್ತವಾಯಿತು. ನಾಲ್ಕನೆಯ ಹೋಳಿಗೆಯೂ ಎಲೆಯ ಸಮೇತ ಅಡುಗೆಮನೆಯೊಳಗೆ ಹೋದಾಗ ಅವರ ಹೊಟ್ಟೆ ಗಂಟೆಗಿಂತ ಜೋರಾಗಿ ಕೂಗಿತು.

"ಇಂಥಾ ಮರ್ಯಾದೆ ನನಗೆ ಯಾವ ಬೀಗರೂ ಮಾಡಿರ್ಲಿಲ್ಲ," ಎಂದು ಗದ್ಗದಿತರಾಗಿ ಎದ್ದರು. "ತಾಂಬೂಲ ತನ್ನಿ. ಬೇಗ ತನ್ನಿ, ಹೋಟೆಲು ಮುಚ್ಚಿಬಿಡ್ತಾರೆ."

ತಾಂಬೂಲ ಕೈ ಬದಲಾಯಿತು! ಮೇಧಾ ನಗುತ್ತಲೇ ಅತ್ತಳು. ಬೀಗರೆಲ್ಲ ಹೋಟೆಲಿನ ಕಡೆ ಓಡಿದರು.

ಅತ್ತೆ ದೇವರಮನೆಯ ಬಾಗಿಲು ತೆರೆದರು. ನರಸಿಂಹದೇವರ ವಿಗ್ರಹ ಕುರ್ಚಿಯ ಮೇಲೆ ಕೂತಿತ್ತು. ಎದುರಿನ ಎಲೆಯಲ್ಲಿ ಉಪ್ಪಿಲ್ಲದ, ಸಕ್ಕರೆಯಿಲ್ಲದ ತೆಳು ಗಂಜಿ. ಪಕ್ಕದಲ್ಲಿ, ಮಂಡಿಗೆ ಹಚ್ಚುವ ಎಣ್ಣೆ.

ಅತ್ತೆ ಆ ಎಣ್ಣೆಯನ್ನು ಕೈಗೆತ್ತಿಕೊಂಡರು. ಬೈಗುಳ ಈಗ ಬಂತು, ಆಗ ಬಂತು ಎಂದು ಪ್ರಾಣೇಶ ನನ್ನ ಬೆನ್ನ ಹಿಂದೆ ಅಡಗಿದ.

"ನಲವತ್ತು ವರ್ಷದಿಂದ ದಿನಾ ನನ್ನ ಮಂಡಿನೋವು ಇವನಿಗೆ ಹೇಳ್ಕೋತಿದ್ದೀನಿ," ಎಂದರು ಅತ್ತೆ. "ಇವನ ತನಕ ತಲುಪಿದ್ದು ಇವತ್ತೇ ನೋಡು."